ಇಪ್ಪತ್ತನಾಲ್ಕು ಕಡ್ಡಿ, ಒಂದು ಗೂಡುದೀಪ

ಮಂಗಳೂರಿನ ಮರಗಳು ಬಣ್ಣ ಬದಲಿಸಿ ಋತು ಸಾರುವುದಿಲ್ಲ. ಶರದೃತು ಬಂತೆಂದು ಇಲ್ಲಿ ತಿಳಿಯುವುದು ಬೇರೆ ಗುರುತುಗಳಿಂದ. ಜೂನ್‌ನಲ್ಲಿ ಹಿಡಿದ ಮಳೆ ಸಂಜೆಯ ಗುಡುಗಿನ ಮಳೆಗೆ ಇಳಿಯುತ್ತದೆ. ಅಂಗಳದ ಪಾಚಿ ಒಣಗಿ ಕಾಲು ಜಾರುವುದು ನಿಲ್ಲುತ್ತದೆ. ಕೊಡೆಗಳು ಬಾಗಿಲ ಹಿಂದಿನ ಮೊಳೆ ಸೇರುತ್ತವೆ. ಯಾವುದೋ ಓಣಿಯಿಂದ ಹುಲಿವೇಷದ ತಾಸೆಯ ಪೆಟ್ಟು ಕೇಳತೊಡಗುತ್ತದೆ. ತುಳುವರ ಲೆಕ್ಕದಲ್ಲಿ ಸೋಣ ಮುಗಿದು ನಿರ್ನಾಲ್, ಅದರ ಬೆನ್ನಿಗೆ ಬೊಂತೆಲ್. ಸೆಪ್ಟೆಂಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಈ ಎರಡು ತಿಂಗಳು. ನವರಾತ್ರಿ, ದೀಪಾವಳಿ ಎರಡೂ ಹೆಚ್ಚಾಗಿ ಇದರೊಳಗೇ ಬರುತ್ತವೆ. ಶಾಲೆಗೆ ದಸರಾ ರಜೆ. ಮಕ್ಕಳೆಲ್ಲ ಮನೆಯಲ್ಲಿ.

ಆ ಮಕ್ಕಳ ಕೈಗೆ ಏನು ಕೊಡುವುದು ಎಂಬುದೇ ಇಂದಿನ ಮಾತು.

ಅಕ್ಟೋಬರಿನಲ್ಲಿ ಊರಿನ ಕೆಲವು ನರ್ಸರಿ ಶಾಲೆಗಳ ಗೋಡೆ ನೋಡಿದವರಿಗೆ ಕಿತ್ತಳೆ ಬಣ್ಣದ ಮೇಪಲ್ ಎಲೆ, ಕಣ್ಣು ಕೊರೆದ ಕುಂಬಳಕಾಯಿ, ಓಕ್ ಮರದ ಕಾಯಿ ಹಿಡಿದ ಅಳಿಲು ಕಾಣಸಿಗುತ್ತವೆ. ಅಚ್ಚು ಹಾಕಿದ ಹಾಳೆಗೆ ಮಗು ಗೆರೆ ದಾಟದಂತೆ ಬಣ್ಣ ತುಂಬಿರುತ್ತದೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ತಕರಾರಿಲ್ಲ. ಆದರೆ ಆ ಎಲೆಯನ್ನು ಮಗು ಮುಟ್ಟಿಲ್ಲ, ಮೂಸಿಲ್ಲ, ತುಳಿದು ಸದ್ದು ಕೇಳಿಲ್ಲ. ಶಾಲೆಯ ಹಿಂದಿನ ಹಲಸಿನ ಮರದಡಿ ಬಿದ್ದ ಹಣ್ಣೆಲೆ ಕಿತ್ತಳೆ ಬಣ್ಣದಲ್ಲಿ ಯಾವ ಮೇಪಲಿಗೂ ಸೋಲುವುದಿಲ್ಲ. ಅದನ್ನು ಬೆಳಿಗ್ಗೆ ಗುಡಿಸಿ ರಾಶಿ ಹಾಕಿರುತ್ತಾರೆ.

ಕರಾವಳಿಗೆ ಇದು ಹೊಸ ಚರ್ಚೆಯಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಆಟ, ಕುಣಿತ, ನಾಟಕಗಳ ದಾರಿಗೆ ಹಚ್ಚಲು ಪ್ರಯತ್ನಪಟ್ಟದ್ದು 1930ರ ದಶಕದಲ್ಲಿ. ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬಂದದ್ದೂ ಅದೇ ದಶಕದಲ್ಲಿ. ಇನ್ನೂ ಹಿಂದಕ್ಕೆ ಹೋದರೆ, 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಫ್ರೀಡ್ರಿಕ್ ಫ್ರೋಬೆಲ್ ಪುಟ್ಟ ಮಕ್ಕಳ ಶಾಲೆ ತೆರೆದರು. ಕಿಂಡರ್‌ಗಾರ್ಟನ್ ಎಂಬ ಹೆಸರು ಆ ಶಾಲೆಯಿಂದಲೇ ಜಗತ್ತಿಗೆ ಹಬ್ಬಿತು. ಫ್ರೋಬೆಲ್ ಅಲ್ಲಿನ ಮಕ್ಕಳಿಗೆ ಕೊಟ್ಟ ಕೆಲಸಗಳಲ್ಲಿ ಕಾಗದದ ಪಟ್ಟಿಗಳನ್ನು ಒಂದರ ಮೇಲೆ, ಒಂದರ ಕೆಳಗೆ ತೂರಿಸಿ ಚಾಪೆ ಹೆಣೆಯುವುದೂ ಒಂದು. ತೆಂಗಿನ ಮಡಲು ಹೆಣೆಯುವುದೂ ಇದೇ ಮೇಲೆ-ಕೆಳಗೆಯ ಲೆಕ್ಕ. ಮಳೆಗಾಲಕ್ಕೆ ಮುಂಚೆ ತಟ್ಟಿ ಕಟ್ಟುವಾಗ ಹಿರಿಯರ ಪಕ್ಕದಲ್ಲಿ ಕೂತು ಅದನ್ನು ಕಲಿತವರಿಗೆ ಫ್ರೋಬೆಲ್ ಹೆಸರು ಬೇಕಾಗಿರಲಿಲ್ಲ.

ಹಾಗಾದರೆ ತೆಂಗಿನಿಂದಲೇ ತೊಡಗಬಹುದು. ಮಡಲಿನಿಂದ ಒಂದು ಹಸಿ ಓಲೆ ಕಿತ್ತು ನಡುವಿನ ಕಡ್ಡಿ ಸೀಳಿ ತೆಗೆದರೆ ಎರಡು ಉದ್ದ ಪಟ್ಟಿ, ಒಂದು ಕಡ್ಡಿ ಸಿಗುತ್ತದೆ. ಇಷ್ಟೇ ಸಾಮಾನಿನಲ್ಲಿ ವಾಚು, ಕನ್ನಡಕ, ಉಂಗುರ, ಹಾವು, ಚೆಂಡು, ಪೀಪಿ ಎಲ್ಲ ಆಗುತ್ತವೆ. ಮೂರು ವರ್ಷದ ಮಗುವಿಗೆ ವಾಚು ಸಾಕು; ಪಟ್ಟಿಯನ್ನು ಮಣಿಕಟ್ಟಿಗೆ ಸುತ್ತಿ, ತುದಿ ಮಡಚಿ ಸಿಕ್ಕಿಸಿದರೆ ಮುಗಿಯಿತು. ಪೀಪಿಗೆ ಪಟ್ಟಿಯನ್ನು ತುದಿಯಿಂದ ಸುರುಳಿ ಸುತ್ತುತ್ತಾ, ಪ್ರತಿ ಸುತ್ತನ್ನೂ ಸ್ವಲ್ಪ ಹೊರಕ್ಕೆ ಸರಿಸುತ್ತಾ ಹೋಗಬೇಕು. ಅಗಲವಾದ ಬಾಯಿ ಬಿಚ್ಚಿಕೊಳ್ಳದಂತೆ ಕಡ್ಡಿಯ ಚೂರು ಚುಚ್ಚಿ, ಊದುವ ತುದಿಯನ್ನು ಬೆರಳಲ್ಲಿ ಅದುಮಿ ಚಪ್ಪಟೆ ಮಾಡಬೇಕು. ಮೊದಲ ಸಲ ಬರೀ ಗಾಳಿ ಬರುತ್ತದೆ. ಇನ್ನೊಂದಿಷ್ಟು ಅದುಮಿದರೆ ಸ್ವರ ಬರುತ್ತದೆ, ಆಮೇಲೆ ಮಧ್ಯಾಹ್ನದ ನಿದ್ದೆಯ ಆಸೆಯನ್ನು ಮನೆಯವರು ಬಿಡಬೇಕಾಗುತ್ತದೆ.

ಗಿರಿಗಿಟಿ ಇನ್ನೂ ಸುಲಭ. ಎರಡು ಪಟ್ಟಿಗಳನ್ನು ಒಂದಕ್ಕೊಂದು ಅಡ್ಡಲಾಗಿ ಮಡಚಿ ಸಿಕ್ಕಿಸಿ ನಾಲ್ಕು ಕೈ ಬರುವಂತೆ ಮಾಡಿ, ನಡುವೆ ಕಡ್ಡಿ ತೂರಿಸಿದರೆ ಆಯಿತು. ತಣ್ಣೀರುಬಾವಿ, ಪಣಂಬೂರು ಕಡಲತೀರಕ್ಕೆ ಸಂಜೆ ಹೋಗುವವರು ಅದನ್ನು ಮಗುವಿನ ಕೈಗೆ ಕೊಟ್ಟರೆ ಕಡಲಗಾಳಿಯೇ ತಿರುಗಿಸುತ್ತದೆ, ಓಡುವ ಅಗತ್ಯವೂ ಇಲ್ಲ. ಎರಡು ದಿನಕ್ಕೆ ಓಲೆ ಒಣಗಿ ಮುರುಟುತ್ತದೆ. ಮುರುಟಲಿ, ಹೊಸತು ಮಾಡಿದರಾಯಿತು.

ಎಲೆಯ ಕೆಲಸದಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ರುಚಿಸುವುದು ಕೊಟ್ಟಿಗೆ. ಕಡುಬು ಬೇಯಿಸುವ ಹಲಸಿನ ಎಲೆಯ ಬುಟ್ಟಿ ಅದು. ತುಳುವಿನಲ್ಲಿ ಗುಂಡ ಎನ್ನುತ್ತಾರೆ, ಕೊಂಕಣಿಗರ ಮನೆಯಲ್ಲಿ ಖೊಟ್ಟೊ. ನಾಲ್ಕು ಬಲಿತ ಎಲೆಗಳನ್ನು ತುದಿಗಳು ನಡುವೆ ಒಂದರ ಮೇಲೊಂದು ಕೂರುವಂತೆ ಅಡ್ಡಡ್ಡ ಇಟ್ಟು, ಆ ನಡುವನ್ನು ಹಿಡಿಸೂಡಿ ಕಡ್ಡಿಯ ಚೂರಿನಿಂದ ಹೊಲಿದು, ಆಮೇಲೆ ಪಕ್ಕಪಕ್ಕದ ಎಲೆಗಳನ್ನು ಮೇಲೆತ್ತಿ ಕಡ್ಡಿ ಚುಚ್ಚುತ್ತಾ ಬಂದರೆ ಬುಟ್ಟಿ ನಿಲ್ಲುತ್ತದೆ. ಐದು ವರ್ಷದ ಮಗು ಚುಚ್ಚಿದ ಬುಟ್ಟಿ ಓರೆಯಾಗಿರುತ್ತದೆ, ಒಂದು ಕಡೆ ಸಂದಿಯೂ ಉಳಿದಿರುತ್ತದೆ. ಪರವಾಗಿಲ್ಲ. ಉದ್ದಿನ ಹಿಟ್ಟು ದಪ್ಪಗಿದ್ದರೆ ಸೋರುವುದಿಲ್ಲ. ಮರುದಿನ ಬೆಳಿಗ್ಗೆ ಆವಿಯಲ್ಲಿ ಬೆಂದು ಬಂದದ್ದನ್ನು ಎಲೆ ಬಿಚ್ಚಿ ತಿನ್ನುವಾಗ ತನ್ನ ಬುಟ್ಟಿ ಯಾವುದೆಂದು ಅದಕ್ಕೆ ಸರಿಯಾಗಿ ಗೊತ್ತಿರುತ್ತದೆ. ಕೇದಗೆ ಜಾತಿಯ ಎಲೆಯಿಂದ ಸುತ್ತುವ ಮೂಡೆ ಮಾತ್ರ ದೊಡ್ಡವರ ಕೆಲಸ. ಮುಳ್ಳು ತೆಗೆಯಬೇಕು, ಬೆಂಕಿಯಲ್ಲಿ ಬಾಡಿಸಬೇಕು. ಹಬ್ಬದ ಮುನ್ನಾದಿನ ಮಾರುಕಟ್ಟೆಯಲ್ಲಿ ಸುತ್ತಿಟ್ಟ ಮೂಡೆಗಳೇ ಸಿಗುವುದರಿಂದ ನಗರದ ಮನೆಗಳು ಅದನ್ನು ಕಲಿಯುವುದನ್ನೇ ಬಿಟ್ಟಿವೆ.

ಅಡಿಕೆ ಹಾಳೆಯದ್ದು ಇನ್ನೊಂದು ಕಥೆ. ಗದ್ದೆಗೆ ಹೋಗುವವರ ತಲೆಯ ಮುಟ್ಟಾಳೆ, ಬಾವಿಕಟ್ಟೆಯಲ್ಲಿ ನೀರು ಮೊಗೆಯುವ ಪಾತ್ರೆ, ಮಕ್ಕಳನ್ನು ಕೂರಿಸಿ ಅಂಗಳದ ತುಂಬ ಎಳೆಯುವ ಬಂಡಿ, ಎಲ್ಲವೂ ಅದರಿಂದಲೇ ಆಗುತ್ತಿತ್ತು. ಈಗ ನಗರದವರಿಗೆ ಅದು ಸಿಗುವುದು ಮದುವೆಮನೆಯ ತಟ್ಟೆಯಾಗಿ. ತೋಟವಿರುವ ನೆಂಟರಿದ್ದರೆ ನಾಲ್ಕು ಹಾಳೆ ತರಿಸಿಕೊಳ್ಳುವುದು ಕಷ್ಟವಲ್ಲ, ಮರವೇ ತಾನಾಗಿ ಕಳಚಿ ಬೀಳಿಸುತ್ತದೆ. ಮಳೆಗಾಲದ ಹಾಳೆಯಲ್ಲಿ ಬೂಸ್ಟು ಹಿಡಿದಿರುತ್ತದೆ, ಉಜ್ಜಿ ತೊಳೆಯಬೇಕು. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಬಾಗುತ್ತದೆ, ಭಾರದಡಿ ಇಟ್ಟು ಒಣಗಿಸಿದರೆ ಹಲಗೆಯಂತೆ ಚಪ್ಪಟೆಯಾಗುತ್ತದೆ.

ಅದಕ್ಕೆ ಎರಡು ಕಣ್ಣು ಕತ್ತರಿಸಿದರೆ ಹುಲಿಯ ಮುಖವಾಡ. ಇಲ್ಲಿ ಕತ್ತರಿ ದೊಡ್ಡವರ ಕೈಯಲ್ಲಿ, ಪಟ್ಟೆ ಎಳೆಯುವುದು ಮಗುವಿನ ಪಾಲಿಗೆ. ನವರಾತ್ರಿಯ ದಿನಗಳಲ್ಲಿ ಮಂಗಳೂರಿನ ಬೀದಿಯಲ್ಲಿ ಹುಲಿಗಳು ಕುಣಿಯುವುದನ್ನು ಕಂಡ ಮಗುವಿಗೆ ಮೈಗೆಲ್ಲ ಬಣ್ಣ ಬಳಿಸಿಕೊಳ್ಳುವ ಆಸೆ ಹುಟ್ಟುವುದು ಸಹಜ. ಹರಕೆ ಹೊತ್ತು ಮಕ್ಕಳಿಗೂ ವೇಷ ಹಾಕಿಸುವ ಮನೆಗಳಿವೆ. ಆದರೆ ಪೇಟೆಯಲ್ಲಿ ಸಿಗುವ ಎನಾಮಲ್ ಪೇಂಟು ಮರ, ಕಬ್ಬಿಣಗಳಿಗೆಂದು ತಯಾರಾದದ್ದು. ಅದನ್ನು ಬಿಡಿಸಲು ಸೀಮೆ ಎಣ್ಣೆ ಬೇಕಾಗುತ್ತದೆ, ಎರಡೂ ಎಳೆಯ ಚರ್ಮಕ್ಕೆ ಒಳ್ಳೆಯದಲ್ಲ. ಆಸೆಯನ್ನು ಹಾಳೆಯ ಮೇಲೆ ತೀರಿಸಿಕೊಳ್ಳಬಹುದು.

ಬಣ್ಣಕ್ಕೆ ಅಡುಗೆಮನೆ ಇದೆ, ಹಿತ್ತಿಲೂ ಇದೆ. ಹಳದಿಗೆ ಅರಸಿನ, ಕಪ್ಪಿಗೆ ಮಸಿ, ಕೆಂಪಿಗೆ ಮುರಕಲ್ಲಿನ ಪುಡಿ. ಆ ಪುಡಿಯನ್ನು ನೀರಿನಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಕೆಸರನ್ನಷ್ಟೇ ಬಸಿದುಕೊಂಡರೆ ಒಳ್ಳೆಯ ಕಾವಿ ಬಣ್ಣ ಸಿಗುತ್ತದೆ. ಬಸಳೆ ಚಪ್ಪರವಿರುವ ಮನೆಯಲ್ಲಿ ನೇರಳೆ ಬಣ್ಣ ಪುಕ್ಕಟೆ. ಬಲಿತ ಬಳ್ಳಿಯ ಕಪ್ಪು ಹಣ್ಣು ಹಿಚುಕಿದರೆ ಶಾಯಿಯೇ ಸರಿ, ಬಟ್ಟೆಗೆ ತಾಗಿದರೆ ಮಾತ್ರ ಬೈಗುಳ ಖಾತ್ರಿ.

ಇದೇ ಬಣ್ಣಗಳಲ್ಲಿ ಒಂದು ಜಾದೂ ಅಡಗಿದೆ. ಅರಸಿನದ ನೀರು ಬಳಿದು ಒಣಗಿಸಿದ ಬಿಳಿ ಕಾಗದದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಬೆರಳದ್ದಿ ಗೆರೆ ಎಳೆದರೆ ಗೆರೆ ಕೆಂಪಗಾಗುತ್ತದೆ. ಅದರ ಮೇಲೆ ಲಿಂಬೆರಸ ಬಿದ್ದರೆ ಮತ್ತೆ ಹಳದಿ. ದಾಸವಾಳದ ಕೆಂಪು ಎಸಳನ್ನು ಕಾಗದಕ್ಕೆ ಉಜ್ಜಿದರೆ ನೀಲಿ ಮಿಶ್ರಿತ ನೇರಳೆ ಮೂಡುತ್ತದೆ, ಅದಕ್ಕೆ ಲಿಂಬೆರಸ ಸೋಕಿದರೆ ಗುಲಾಬಿ. ಕ್ಷಾರಕ್ಕೊಂದು ಬಣ್ಣ, ಹುಳಿಗೊಂದು ಬಣ್ಣ ತೋರುವುದು ಈ ಸಸ್ಯಗಳ ಗುಣ. ಹೈಸ್ಕೂಲಿನಲ್ಲಿ ಲಿಟ್ಮಸ್ ಕಾಗದ ತೋರಿಸುವ ಪಾಠವೂ ಇದೇ. ನಾಲ್ಕು ವರ್ಷದವರಿಗೆ ವಿವರಣೆ ಬೇಡ. ಸುಣ್ಣ ಹಚ್ಚಿದರೂ ಅರಸಿನ ಕೆಂಪಾಗುತ್ತದೆ, ಆದರೆ ಸುಣ್ಣ ಚರ್ಮ ಸುಡುವಂಥದ್ದು, ಕಣ್ಣಿಗೆ ಹೋದರಂತೂ ಅಪಾಯ. ಸೋಡಾವೇ ಸಾಕು.

ಮಣ್ಣಿನ ಮಾತು ಬಂದಾಗ ಈ ಊರಿನವರು ಸ್ವಲ್ಪ ನಾಚಿಕೊಳ್ಳಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ್ದು ಇಲ್ಲಿನ ನದಿಬಯಲಿನ ಜೇಡಿಮಣ್ಣನ್ನು ನಂಬಿ. ಆ ಮಣ್ಣು ಹೆಂಚಾಗಿ ಕಡಲು ದಾಟಿತು. ಅದೇ ಊರಿನ ಮಕ್ಕಳು ಇಂದು ಡಬ್ಬಿಯಲ್ಲಿ ಬರುವ ಬಣ್ಣದ ‘ಕ್ಲೇ’ ಹಿಸುಕುತ್ತಾರೆ. ಚೌತಿಗೆ ಗಣಪತಿ ಮಾಡಿದವರ ಬಳಿ ಕೇಳಿದರೆ ಉಳಿದ ಮಣ್ಣು ಒಂದು ಮುದ್ದೆ ಸಿಗದೆ ಇರುವುದಿಲ್ಲ. ಪಿಲಿಕುಳ ನಿಸರ್ಗಧಾಮದ ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರನ ಚಕ್ರ ತಿರುಗುವುದನ್ನು ಮಕ್ಕಳಿಗೆ ತೋರಿಸಬಹುದು, ಬುಟ್ಟಿ ಹೆಣೆಯುವುದೂ ಅಲ್ಲೇ ನೋಡಲು ಸಿಗುತ್ತದೆ. ಮನೆಯಲ್ಲಿ ಚಕ್ರ ಬೇಡ. ಲಿಂಬೆಗಾತ್ರದ ಉಂಡೆಗೆ ಹೆಬ್ಬೆರಳು ಒತ್ತಿ, ಒಂದು ಕಡೆ ಚಿವುಟಿ ಮೂತಿ ಮಾಡಿದರೆ ಹಣತೆ. ಸುಡದೆ ಬರೀ ನೆರಳಲ್ಲಿ ಒಣಗಿಸಿದ ಹಣತೆ ಎಣ್ಣೆ ಕುಡಿಯುತ್ತದೆ, ಆದ್ದರಿಂದ ಅಡಿಗೊಂದು ತಟ್ಟೆ ಇರಲಿ.

ಈ ತಿಂಗಳುಗಳಲ್ಲಿ ಮಕ್ಕಳ ಬೆರಳಿಗೆ ಕೆಲಸ ಕೊಡುವ ಹಬ್ಬಗಳು ಇನ್ನೂ ಇವೆ. ಸೆಪ್ಟೆಂಬರ್ 8ರಂದು ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್. 1763ರಲ್ಲಿ ಫರಂಗಿಪೇಟೆಯ ಮೊಂತೆ ಮಾರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದಾ ತೊಡಗಿಸಿದರೆಂದು ಹೇಳುವ ಹಬ್ಬ ಇದು. ಮಕ್ಕಳು ಬುಟ್ಟಿ ತುಂಬ ಹೂ ತಂದು ಬಾಲ ಮೇರಿಯ ಮುಂದೆ ಎರಚುತ್ತಾರೆ, ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಹಿಂದೂ ಮನೆಗಳಲ್ಲಿ ಚೌತಿಯ ಹೊತ್ತಿಗೋ ನವರಾತ್ರಿಗೋ ಕುರಲ್ ಪರ್ಬ. ದೇವಸ್ಥಾನದಿಂದ ತಂದ ತೆನೆಯನ್ನು ಮಾವು, ಹಲಸು, ಬಿದಿರಿನ ಎಲೆಗಳ ನಡುವೆ ಇಟ್ಟು ನಾರಿನಿಂದ ಬಿಗಿದು ಬಾಗಿಲಿಗೆ, ಕಂಬಕ್ಕೆ, ಬಾವಿಗೆ ಕಟ್ಟುತ್ತಾರೆ. ಫ್ಲ್ಯಾಟಿನಲ್ಲಿ ಬಾವಿ ಇಲ್ಲದಿದ್ದರೆ ನೀರಿನ ಫಿಲ್ಟರಿಗೆ ಕಟ್ಟಿದವರೂ ಉಂಟು. ಎಲೆ ಜೋಡಿಸುವುದು, ನಾರು ಸೀಳುವುದು, ಗಂಟು ಹಾಕುವುದು ಪೂರ್ತಿ ಮಕ್ಕಳ ಅಳತೆಯ ಕೆಲಸ. ಬಾಳೆನಾರಿಗೆ ನೀರು ಚಿಮುಕಿಸಿದರೆ ಎಳೆಯ ಬೆರಳಿಗೂ ಗಂಟು ನಿಲ್ಲುತ್ತದೆ. ಶೂ ಲೇಸು ಕಟ್ಟಲು ಹೆಣಗುವ ಮಗುವಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಬೇಡ.

ಇನ್ನು ಗೂಡುದೀಪ.

ಮಂಗಳೂರಿನ ದೀಪಾವಳಿಗೆ ಗೂಡುದೀಪ ಎಂದರೆ ಸಾಮಾನ್ಯ ಅಲಂಕಾರವಲ್ಲ, ಅದಕ್ಕೆ ಪಂಥವೇ ನಡೆಯುತ್ತದೆ. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ‘ನಮ್ಮ ಕುಡ್ಲ’ ವಾಹಿನಿಯವರು ನಡೆಸುವ ಗೂಡುದೀಪ ಸ್ಪರ್ಧೆಗೆ ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂಬ ವಿಭಾಗಗಳಿವೆ. ಧಾನ್ಯ, ಅಡಿಕೆ, ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಅಂಟಿಸಿ, ವಾರಗಟ್ಟಲೆ ಕೂತು ಮಾಡಿದ ದೀಪಗಳು ಅಲ್ಲಿ ಸಾಲಾಗಿ ತೂಗುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲು ಅದಕ್ಕಿಂತ ಒಳ್ಳೆಯ ಪ್ರದರ್ಶನ ಊರಿನಲ್ಲಿಲ್ಲ. ಆದರೆ ಮನೆಗೆ ಬಂದ ಮೇಲೆ ಅಷ್ಟು ನಾಜೂಕಿನದ್ದನ್ನು ಮಗುವಿನ ಹೆಸರಿನಲ್ಲಿ ಅಪ್ಪನೇ ಮಾಡುವ ಚಪಲವನ್ನು ಹತ್ತಿಕ್ಕಬೇಕು. ಶಾಲೆಯ ಸ್ಪರ್ಧೆಗೆ ಬರುವ ಗೂಡುದೀಪಗಳಲ್ಲಿ ಅಪ್ಪಂದಿರ ಕೈಚಳಕ ಯಾವುದು, ಮಕ್ಕಳದ್ದು ಯಾವುದು ಎಂದು ತೀರ್ಪುಗಾರರಿಗೆ ದೂರದಿಂದಲೇ ಗೊತ್ತಾಗುತ್ತದೆ. ಬಹುಮಾನ ಅಪ್ಪಂದಿರಿಗೇ ಹೋಗುವುದು ಬೇರೆ ಮಾತು.

ಸರಳವಾದ ಒಂದು ಗೂಡಿನ ಲೆಕ್ಕ ಹೀಗಿದೆ. ಒಂದೇ ಅಳತೆಯ 24 ಕಡ್ಡಿ ಬೇಕು. ಬಿದಿರು ಸೀಳಿದ ಕಡ್ಡಿಯಾದರೆ ಗಟ್ಟಿ. ಪುಟ್ಟ ಗೂಡಿಗೆ ಹಿಡಿಸೂಡಿ ಕಡ್ಡಿಯ ಬುಡದ ಭಾಗ ಸಾಕು, ಆರಿಂಚು ಉದ್ದವಿರಲಿ. ನಾಲ್ಕು ನಾಲ್ಕು ಕಡ್ಡಿ ಸೇರಿಸಿ ನೂಲಿನಿಂದ ಆರು ಚೌಕ ಕಟ್ಟಬೇಕು. ನೂಲು ಕಷ್ಟವಾದವರಿಗೆ ಸಣ್ಣ ರಬ್ಬರ್ ಬ್ಯಾಂಡು. ಆಮೇಲೆ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಅಕ್ಕಪಕ್ಕದ ಮೂಲೆಗಳನ್ನು ಒಂದಕ್ಕೊಂದು ಕಟ್ಟಿ ಬಳೆಯಂತೆ ಸುತ್ತು ಬರಿಸಬೇಕು. ಮೇಲೆ ನಿಂತ ನಾಲ್ಕು ಮೂಲೆಗಳಿಗೆ ಐದನೆಯ ಚೌಕ, ಕೆಳಗಿನ ನಾಲ್ಕಕ್ಕೆ ಆರನೆಯದು. ಒಟ್ಟು ಹನ್ನೆರಡು ಗಂಟು. ಕಟ್ಟಿ ಮುಗಿಸಿ ನೋಡಿದರೆ ಚೌಕಗಳ ಸಂದಿಯಲ್ಲಿ ಎಂಟು ತ್ರಿಕೋನಗಳು ತಾವಾಗಿಯೇ ಹುಟ್ಟಿರುತ್ತವೆ! ಯಾರೂ ಮಾಡದ ತ್ರಿಕೋನ ಎಲ್ಲಿಂದ ಬಂತು ಎಂದು ಮಕ್ಕಳು ಬೆರಳಿಟ್ಟು ಎಣಿಸುತ್ತಾರೆ. ಎಣಿಸಲಿ.

ಈ ಹಂತದಲ್ಲಿ ಗೂಡು ಓಲಾಡುತ್ತದೆ, ಒತ್ತಿದರೆ ತಿರುಚಿಕೊಳ್ಳುತ್ತದೆ. ತ್ರಿಕೋನ ತಾನಾಗಿ ಗಟ್ಟಿ, ಚೌಕ ಹಾಗಲ್ಲ. ಕೆಟ್ಟಿತೆಂದು ಬಿಚ್ಚಬಾರದು, ಸುತ್ತಲಿನ ಚೌಕಗಳಿಗೆ ಕಾಗದ ಬಿದ್ದು ಅಂಟು ಒಣಗಿದರೆ ಅದೇ ಬಿಗಿಯುತ್ತದೆ. ಮೇಲಿನದು, ಕೆಳಗಿನದು ತೆರೆದಿರಲಿ. ಬಿಸಿ ಹೋಗಲು, ಬಲ್ಬು ಇಳಿಸಲು ಎರಡೂ ಬೇಕು. ಉಳಿದ ನಾಲ್ಕು ಚೌಕಕ್ಕೆ ಬಿಳಿ, ಎಂಟು ತ್ರಿಕೋನಕ್ಕೆ ಬಣ್ಣ ಎನ್ನುವುದು ಕಣ್ಣಿಗೆ ಹಿತ. ಮಗು ಎಲ್ಲ ಕಡೆಗೂ ಕೆಂಪೇ ಬೇಕೆಂದರೆ ಕೆಂಪೇ ಆಗಲಿ. ಗಾಳಿಪಟದ ಕಾಗದ ಬೆಳಕನ್ನು ಸಮನಾಗಿ ಹರಡುತ್ತದೆ, ಮುದುಡಿದ ಗ್ಲಾಸ್ ಪೇಪರ್ ಮಿನುಗು ಹೆಚ್ಚು ಕೊಡುತ್ತದೆ. ಕೆಳಗಿನ ಮೂಲೆಗಳಿಗೆ ಕಾಗದದ ಬಾಲ. ಬಾಲವನ್ನು ಸಣ್ಣಗೆ ಹರಿಯುವ ಕೆಲಸ ಮನೆಯ ಅತ್ಯಂತ ಕಿರಿಯ ಸದಸ್ಯರಿಗೆ ಮೀಸಲು.

ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕಾಯಿಸಿದರೆ ಆಯಿತು. ಹುಳ ಬರದಂತೆ ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುವ ಹಳೆಯ ಪದ್ಧತಿಯಿದೆ. ಅಡಿಕೆ ತೋಟದವರ ಮನೆಯಲ್ಲಿ ಮದ್ದು ಬಿಡಲು ತಂದ ಮೈಲುತುತ್ತ ಯಾವಾಗಲೂ ಇರುತ್ತದೆ, ಮಕ್ಕಳು ಬೆರಳು ನೆಕ್ಕುವುದೂ ಅಷ್ಟೇ ಖಚಿತ. ಅದು ವಿಷ, ಬೇಡವೇ ಬೇಡ. ಅಲಂಕಾರಕ್ಕೆ ಗುಲಗಂಜಿ ಅಂಟಿಸುವ ಯೋಚನೆಯೂ ಬೇಡ. ಕೆಂಪು-ಕಪ್ಪಿನ ಆ ಚಂದದ ಬೀಜ ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಕೆಂಪು ಬೀಜ ಬೇಕೇ ಬೇಕೆಂದರೆ ಚೆನ್ನೆಮಣೆ ಆಡುವ ಮಂಜೊಟ್ಟಿ ಇದೆ, ಅದೂ ಬಾಯಿಗೆ ಹಾಕುವ ವಯಸ್ಸು ದಾಟಿದವರಿಗೆ ಮಾತ್ರ. ಗುಂಡಿಯಂಥ ಬ್ಯಾಟರಿಯ ಪುಟ್ಟ ಎಲ್‌ಇಡಿ ದೀಪಗಳು ಈಗ ಅಗ್ಗ. ಆ ಬ್ಯಾಟರಿ ಮಗುವಿನ ಹೊಟ್ಟೆಗೆ ಹೋದರೆ ಒಳಗೆ ಸುಡುತ್ತದೆ. ಮುಚ್ಚಳಕ್ಕೆ ತಿರುಪು ಇರುವ ದೀಪವನ್ನೇ ಆರಿಸಬೇಕು, ಇಲ್ಲವಾದರೆ ತಂತಿಯ ತುದಿಗೆ ಒಂದು ಸಣ್ಣ ಎಲ್‌ಇಡಿ ಬಲ್ಬು.

ಹೊರದೇಶಗಳಲ್ಲೂ ಇದು ಮಕ್ಕಳು ದೀಪ ಮಾಡುವ ಕಾಲವೇ. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬಕ್ಕೆ ಜರ್ಮನಿಯ ಪುಟಾಣಿಗಳು ತಾವೇ ಮಾಡಿದ ಕಾಗದದ ಲಾಟೀನು ಕೋಲಿಗೆ ಸಿಕ್ಕಿಸಿಕೊಂಡು ಹಾಡುತ್ತಾ ಬೀದಿಯಲ್ಲಿ ನಡೆಯುತ್ತಾರೆ. ಬಾಸೆಲ್ ಮಿಷನ್ನಿನ ತವರು ಸ್ವಿಟ್ಜರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯ ತಿರುಳು ತೆಗೆದು, ಸಿಪ್ಪೆಯ ಮೇಲೆ ಚಿತ್ರ ಕೆತ್ತಿ ಒಳಗೆ ದೀಪ ಇಡುತ್ತಾರೆ. ನಮ್ಮಲ್ಲಿ ಅದಕ್ಕೆ ಮಂಗಳೂರು ಸೌತೆಯನ್ನು ಬಳಸಬಹುದು, ತಿರುಳು ಹೇಗೂ ಸಾಂಬಾರಿಗೆ ಹೋಗುತ್ತದೆ.

ಹಬ್ಬ ಮುಗಿದ ಮೇಲೆ ಗೂಡುದೀಪವನ್ನು ಕಸದ ಗಾಡಿಗೆ ಹಾಕಬೇಕಾಗಿಲ್ಲ. ತುಳಸಿಪೂಜೆಯವರೆಗೆ ತೂಗಲಿ. ನಡುವೆ ಒಂದು ಸಂಜೆಮಳೆ ಬಂದು ಕಾಗದ ಹರಿದರೆ ಆ ಒಂದು ಮುಖಕ್ಕೆ ಹೊಸ ಕಾಗದ ಹಾಕಿದರಾಯಿತು. ಆಮೇಲೆ ಕಾಗದವೆಲ್ಲ ನೆನೆಸಿ ಬಿಡಿಸಿ, ಗೂಡನ್ನು ಅಟ್ಟಕ್ಕೇರಿಸಿದರೆ ಮುಂದಿನ ವರ್ಷಕ್ಕೂ ಬರುತ್ತದೆ. ಅಟ್ಟವಿಲ್ಲದ ಮನೆಯವರು ಗಂಟು ಬಿಚ್ಚಿ ಕಡ್ಡಿಗಳನ್ನು ಕಟ್ಟಿಡಬಹುದು. ಡಿಸೆಂಬರಿನಲ್ಲಿ ನೆರೆಮನೆಯವರು ಗೋದಲಿ ಕಟ್ಟತೊಡಗಿದಾಗ ಅವರ ಮಕ್ಕಳಿಗೆ ನಕ್ಷತ್ರ ಮಾಡಲು ಆ ಕಡ್ಡಿಗಳೇ ಆಗುತ್ತವೆ. ಐದು ಕಡ್ಡಿಗೆ ಒಂದು ನಕ್ಷತ್ರದಂತೆ ಎರಡನ್ನು ಕಟ್ಟಿ, ಐದು ತುದಿಗಳನ್ನೂ ಜೋಡಿಸಿ, ನಡುವೆ ಕಡ್ಡಿಗಳು ಒಂದನ್ನೊಂದು ಹಾಯುವ ಐದು ಕಡೆ ಗಿಡ್ಡ ಚೂರುಗಳನ್ನು ಊರುಗೋಲಿನಂತೆ ಇಟ್ಟರೆ ಹೊಟ್ಟೆ ಉಬ್ಬಿದ ನಕ್ಷತ್ರ ತಯಾರು. ಹತ್ತು ಕಡ್ಡಿ ನಕ್ಷತ್ರಕ್ಕೆ, ಚೂರಿಗೆ ಎರಡು; ಉಳಿದ ಹನ್ನೆರಡರಲ್ಲಿ ಇನ್ನೊಂದು ನಕ್ಷತ್ರವೂ ಆಗುತ್ತದೆ.